ಸ್ಥಳೀಯ ಇತಿಹಾಸ ಸಂಶೋಧನೆಯಲ್ಲಿನ ವಿಧಾನದೋಷಗಳು

ಸಂಶೋಧನೆಯ ವಿಧಾನದೋಷ ಎಂದರೆ ಆಕರಗಳ ಆಯ್ಕೆ, ಓದು, ಕಾಲನಿರ್ಣಯ, ವಿಶ್ಲೇಷಣೆ ಅಥವಾ ಪ್ರಕಟಣೆಯ ಯಾವುದಾದರೂ ಹಂತದಲ್ಲಿ ನಡೆಯುವ, ತೀರ್ಮಾನದ ವಿಶ್ವಾಸಾರ್ಹತೆಯನ್ನು ಕುಂದಿಸುವ ತಪ್ಪು. ಇದು ಉದ್ದೇಶಪೂರ್ವಕ ವಂಚನೆಗಿಂತ ಭಿನ್ನವಾದುದು. ಬಹುಪಾಲು ವಿಧಾನದೋಷಗಳು ಪ್ರಾಮಾಣಿಕ ಸಂಶೋಧಕರ ಕೈಯಿಂದಲೇ, ಅವರ ಅರಿವಿಗೆ ಬಾರದೆ ನಡೆಯುತ್ತವೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಇತಿಹಾಸವು ಶಾಸನ, ಸಂಸ್ಥಾನಗಳ ದಾಖಲೆ, ಜನಪದ ಹಾಡು ಮತ್ತು ಇತ್ತೀಚಿನ ರೈತ ಚಳವಳಿಯ ನೆನಪು ಹೀಗೆ ಹಲವು ಬಗೆಯ ಆಕರಗಳನ್ನು ಹೊಂದಿರುವುದರಿಂದ, ಈ ದೋಷಗಳ ಸ್ವರೂಪವನ್ನು ಅರಿಯಲು ಉತ್ತಮ ನಿದರ್ಶನವಾಗಿದೆ.

ಹಿನ್ನೆಲೆ

ರೋಣ ಮತ್ತು ನರಗುಂದ ಪ್ರದೇಶಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಆ ವರ್ಷ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಗಜೇಂದ್ರಗಡ ತಾಲ್ಲೂಕು ಅನಂತರ ರೋಣ ತಾಲ್ಲೂಕಿನಿಂದ ಬೇರ್ಪಟ್ಟಿತು. ಹಳೆಯ ಶಾಸನ ಸಂಪುಟಗಳಲ್ಲಿ ಮತ್ತು ಗ್ಯಾಸೆಟಿಯರುಗಳಲ್ಲಿ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯ ಹೆಸರಿನಡಿಯಲ್ಲೇ ದೊರೆಯುತ್ತವೆ. ಆಡಳಿತದ ಗಡಿ ಬದಲಾದುದನ್ನು ಗಮನಿಸದೆ ಹಳೆಯ ರೋಣ ತಾಲ್ಲೂಕಿನ ಅಂಕಿಅಂಶಗಳನ್ನು ಇಂದಿನ ರೋಣ ತಾಲ್ಲೂಕಿನ ಅಂಕಿಅಂಶಗಳೊಂದಿಗೆ ನೇರವಾಗಿ ಹೋಲಿಸಿದರೆ, ಜನಸಂಖ್ಯೆಯಾಗಲಿ ಸಾಗುವಳಿ ಭೂಮಿಯಾಗಲಿ ಕುಸಿದಂತೆ ತೋರುತ್ತದೆ. ವಾಸ್ತವದಲ್ಲಿ ಬದಲಾದದ್ದು ಎಣಿಕೆಯ ಘಟಕ ಮಾತ್ರ. ಇದು ವಿಧಾನದೋಷದ ಅತ್ಯಂತ ಸರಳ ಉದಾಹರಣೆ.

ಈ ಭಾಗದ ಪ್ರಾಚೀನ ಕೇಂದ್ರಗಳಲ್ಲಿ ಸೂಡಿ ಮುಖ್ಯವಾದುದು. ಹಿಂದಿನ ರೋಣ ತಾಲ್ಲೂಕಿಗೆ ಸೇರಿದ್ದ ಈ ಊರಿನಲ್ಲಿ ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ದೇವಾಲಯ ಮತ್ತು ನಾಗಕುಂಡ ಇವೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು-70 ಎಂಬ ಆಡಳಿತ ಘಟಕವನ್ನು ನೋಡಿಕೊಂಡಿದ್ದ ಅಕ್ಕಾದೇವಿಯ ಹೆಸರು ಇಲ್ಲಿನ ಶಾಸನಗಳಲ್ಲಿ ಬರುತ್ತದೆ. ಸೂಡಿಯ ಶಿಲಾಶಾಸನಗಳನ್ನು ಎಲ್. ಡಿ. ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿದರು.

ಸೂಡಿ ತಾಮ್ರಪಟ ಮತ್ತು ಗಂಗರ ಕಾಲಗಣನೆ

ಸೂಡಿಯಲ್ಲಿ ದೊರೆತ ಒಂದು ತಾಮ್ರಪಟವು ಗಂಗ ಅರಸ ಬೂತುಗನ ಹೆಸರಿನಲ್ಲಿದ್ದು, ಶಕ 860, ಅಂದರೆ ಕ್ರಿ.ಶ. 938ರ ಕಾಲವನ್ನು ಹೇಳುತ್ತದೆ. ಬೂತುಗನ ರಾಣಿ ದೀವಳಾಂಬೆ ಸೂಡಿಯಲ್ಲಿ ಕಟ್ಟಿಸಿದ ಜೈನ ಬಸದಿಗೆ ಭೂದಾನ ಮಾಡಿದ ವಿಷಯ ಅದರಲ್ಲಿದೆ. ಇದನ್ನು ಜೆ. ಎಫ್. ಫ್ಲೀಟ್ (1847–1917) 'ಎಪಿಗ್ರಾಫಿಯಾ ಇಂಡಿಕಾ'ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಆದರೆ ಅದು ತಾನು ಹೇಳಿಕೊಳ್ಳುವ ಕಾಲದ್ದಲ್ಲ, ಕೂಟಶಾಸನ ಎಂದು ಅಭಿಪ್ರಾಯಪಟ್ಟರು.

ಕೂಟಶಾಸನ ಎಂದರೆ ಹಿಂದಿನ ಅರಸನ ಹೆಸರಿನಲ್ಲಿ ಮುಂದಿನ ಕಾಲದಲ್ಲಿ ಸೃಷ್ಟಿಸಿದ ದಾನಪತ್ರ. ಭೂಮಿಯ ಹಕ್ಕನ್ನು ಸ್ಥಾಪಿಸುವುದಕ್ಕಾಗಿ, ಕಳೆದುಹೋದ ನಿಜವಾದ ಪತ್ರದ ಬದಲಿಗಾಗಿ ಅಥವಾ ಸಂಸ್ಥೆಯೊಂದರ ಪ್ರಾಚೀನತೆಯನ್ನು ಹೆಚ್ಚಿಸುವುದಕ್ಕಾಗಿ ಇಂಥವು ಹುಟ್ಟುತ್ತಿದ್ದವು. ಇವುಗಳನ್ನು ಗುರುತಿಸಲು ವಿದ್ವಾಂಸರು ಸಾಮಾನ್ಯವಾಗಿ ನಾಲ್ಕು ಪರೀಕ್ಷೆಗಳನ್ನು ಅನುಸರಿಸುತ್ತಾರೆ: ಲಿಪಿಯ ರೂಪವು ಹೇಳಿದ ಕಾಲಕ್ಕೆ ಹೊಂದುತ್ತದೆಯೇ, ತಿಥಿ, ವಾರ, ಸಂವತ್ಸರಗಳು ಗಣಿತದಿಂದ ತಾಳೆಯಾಗುತ್ತವೆಯೇ, ವಂಶಾವಳಿಯು ಇತರ ಶಾಸನಗಳೊಂದಿಗೆ ಹೊಂದುತ್ತದೆಯೇ, ಭಾಷೆಯಲ್ಲಿ ಆ ಕಾಲಕ್ಕೆ ಸಲ್ಲದ ರೂಪಗಳಿವೆಯೇ. ಉದಾಹರಣೆಗೆ, ಕನ್ನಡದಲ್ಲಿ ಪದದ ಮೊದಲಿನ ಪಕಾರವು ಹಕಾರವಾಗಿ ಮಾರ್ಪಟ್ಟುದು ಸುಮಾರು 10ನೆಯ ಶತಮಾನದಿಂದೀಚೆಗೆ. ಐದನೆಯ ಶತಮಾನದ್ದೆನ್ನುವ ಪಟದಲ್ಲಿ ಹಕಾರದ ರೂಪಗಳು ಧಾರಾಳವಾಗಿದ್ದರೆ ಸಂಶಯ ಸಹಜ.

ಸೂಡಿ ಪಟವು ದೊಡ್ಡ ಚರ್ಚೆಯೊಂದರ ಭಾಗವಾಗಿತ್ತು. ಗಂಗರ ಆರಂಭಕಾಲದ ಹಲವು ತಾಮ್ರಪಟಗಳನ್ನು ಫ್ಲೀಟ್ ಕೂಟವೆಂದು ತಳ್ಳಿಹಾಕಿದರೆ, ಮೈಸೂರು ಸಂಸ್ಥಾನದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದ ಬಿ. ಎಲ್. ರೈಸ್ (1837–1927) ಅವುಗಳ ಆಧಾರದ ಮೇಲೆಯೇ ಗಂಗರ ಇತಿಹಾಸವನ್ನು ಕಟ್ಟಿದ್ದರು. ಕೊಡಗಿನ ಮರ್ಕೆರಾ ತಾಮ್ರಪಟ ಈ ವಾದದ ಕೇಂದ್ರದಲ್ಲಿದ್ದವುಗಳಲ್ಲಿ ಒಂದು. ಅದರಲ್ಲಿರುವ 388 ಎಂಬ ವರ್ಷವನ್ನು ಶಕವರ್ಷವೆಂದು ಎಣಿಸಿ ಅದನ್ನು ಕ್ರಿ.ಶ. 466ಕ್ಕೆ ಸೇರಿಸಲಾಗಿತ್ತು. ಆದರೆ ಅದರಲ್ಲಿ ಬರುವ ಅಕಾಲವರ್ಷ ಎಂಬ ಬಿರುದು ಬಹಳ ಮುಂದಿನ ರಾಷ್ಟ್ರಕೂಟ ಅರಸರಿಗೆ ಸಲ್ಲುವಂಥದ್ದು.

ಈ ವಿವಾದದಲ್ಲಿ ಎರಡೂ ಕಡೆಯಲ್ಲಿ ವಿಧಾನದ ಕೊರತೆಯಿತ್ತು. ಪಟವೊಂದು ಹೇಳಿದ ಕಾಲವನ್ನು ಪರೀಕ್ಷಿಸದೆ ಸ್ವೀಕರಿಸುವುದು ಒಂದು ದೋಷ. ಕೂಟಪಟಗಳು ಹಲವಿವೆ ಎಂಬುದರಿಂದ, ಅವುಗಳಲ್ಲಿ ಹೆಸರಿಸಿದ ಆರಂಭದ ಅರಸರೇ ಇರಲಿಲ್ಲ ಎಂಬ ಕಡೆಗೆ ವಾಲುವುದು ಅದಕ್ಕೆ ವಿರುದ್ಧವಾದ ದೋಷ. ಆಧಾರವು ಸುಳ್ಳಾದ ಮಾತ್ರಕ್ಕೆ ಹೇಳಿಕೆ ಸುಳ್ಳಾಗುವುದಿಲ್ಲ. ಅದು ಆಧಾರರಹಿತವಾಗುತ್ತದೆ, ಅಷ್ಟೆ. ಪೆನುಗೊಂಡೆಯ ಗಂಗ ತಾಮ್ರಪಟ ಬೆಳಕಿಗೆ ಬಂದಾಗ ಫ್ಲೀಟ್ ಅದನ್ನು ಪರೀಕ್ಷಿಸಿ, ಅದು ನೈಜವೆಂದು 1915ರಲ್ಲಿ ಒಪ್ಪಿಕೊಂಡರು. ದಶಕಗಳ ಕಾಲ ತಾವು ಸಮರ್ಥಿಸಿದ್ದ ನಿಲುವನ್ನು ಹೊಸ ಆಧಾರದ ಮುಂದೆ ತಿದ್ದಿಕೊಂಡ ಈ ಪ್ರಸಂಗವು ಸಂಶೋಧನಾ ಶಿಸ್ತಿನ ನಿದರ್ಶನವಾಗಿದೆ.

ಕೂಟಶಾಸನವೂ ಆಕರವೇ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಅದು ತಾನು ಹೇಳುವ ಕಾಲಕ್ಕೆ ಸಾಕ್ಷಿಯಾಗದಿದ್ದರೂ, ತಾನು ಸೃಷ್ಟಿಯಾದ ಕಾಲದ ಬೇಡಿಕೆ, ನಂಬಿಕೆ ಮತ್ತು ಭೂವಿವಾದಗಳಿಗೆ ಸಾಕ್ಷಿಯಾಗಬಲ್ಲದು. ಸಂಶಯವನ್ನು ದಾಖಲಿಸದೆ ಅದರ ವಿವರಗಳನ್ನು ಉಲ್ಲೇಖಿಸುವುದು, ಸಂಶಯದ ಕಾರಣಕ್ಕೆ ಅದನ್ನು ಪೂರ್ಣವಾಗಿ ಕೈಬಿಡುವುದು ಎರಡೂ ಸಮಾನ ದೋಷಗಳು.

ಕಾಲಪರಿವರ್ತನೆಯ ದೋಷಗಳು

ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತವರ್ಷ ದೊರೆಯುತ್ತದೆ ಎಂಬುದು ಪ್ರಚಲಿತ ಸೂತ್ರ. ಇದನ್ನು ಯಾಂತ್ರಿಕವಾಗಿ ಅನ್ವಯಿಸಿದಾಗ ಎರಡು ಬಗೆಯ ತಪ್ಪುಗಳಾಗುತ್ತವೆ. ಮೊದಲನೆಯದಾಗಿ, ಶಾಸನದಲ್ಲಿರುವುದು ಗತವರ್ಷವೋ ವರ್ತಮಾನವರ್ಷವೋ ಎಂಬುದನ್ನು ನಿರ್ಧರಿಸಬೇಕು. ಶಕ 860 ಗತವರ್ಷವಾದರೆ ಆ ಚಾಂದ್ರಮಾನ ವರ್ಷ ಕ್ರಿ.ಶ. 938ರಲ್ಲಿ ಆರಂಭವಾಗುತ್ತದೆ, ವರ್ತಮಾನವರ್ಷವಾದರೆ 937ರಲ್ಲಿ. ಎರಡನೆಯದಾಗಿ, ಚಾಂದ್ರಮಾನ ವರ್ಷ ಚೈತ್ರದಲ್ಲಿ ತೊಡಗುವುದರಿಂದ ಅದರ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷಕ್ಕೆ ಸೇರುತ್ತವೆ. ಮಾಘ ಅಥವಾ ಫಾಲ್ಗುಣದ ಶಾಸನಕ್ಕೆ 78ರ ಬದಲು 79 ಸೇರಿಸಬೇಕಾಗಬಹುದು. ಅರವತ್ತು ಸಂವತ್ಸರಗಳ ಚಕ್ರದ ಹೆಸರು, ತಿಥಿ, ವಾರ, ಗ್ರಹಣದ ಉಲ್ಲೇಖ ಇವುಗಳೊಂದಿಗೆ ಹೋಲಿಸಿದ ಮೇಲೆಯೇ ದಿನಾಂಕ ಖಚಿತವಾಗುತ್ತದೆ.

18ನೆಯ ಶತಮಾನದ ದಾಖಲೆಗಳಲ್ಲಿ ತೊಡಕು ಇನ್ನಷ್ಟಿದೆ. ಟಿಪ್ಪು ಸುಲ್ತಾನನು ತನ್ನ ಆಳ್ವಿಕೆಯಲ್ಲಿ ಹಿಜರಿ ಶಕೆಯ ಬದಲು ಮೌಲೂದಿ ಶಕೆಯನ್ನು ಬಳಕೆಗೆ ತಂದನು; ಆ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದೆ ಓದಿದರೆ ವರ್ಷವೇ ತಲೆಕೆಳಗಾಗುತ್ತದೆ.

ಸ್ಥಳನಾಮಗಳ ಗೊಂದಲ

ಒಂದೇ ಹೆಸರಿನ ಎರಡು ಊರುಗಳನ್ನು ಒಂದೆಂದು ಭಾವಿಸುವುದು ಈ ಭಾಗದ ಬರಹಗಳಲ್ಲಿ ಸುಲಭವಾಗಿ ಸಂಭವಿಸಬಲ್ಲ ದೋಷ. ಹಿಂದಿನ ರೋಣ ತಾಲ್ಲೂಕಿನ ಇಟಗಿಯು ಭೀಮಾಂಬಿಕೆಯ ಕ್ಷೇತ್ರವೆಂದು ಪ್ರಸಿದ್ಧ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, 'ದೇವಾಲಯ ಚಕ್ರವರ್ತಿ' ಎಂದು ಹೆಸರಾದ ಮಹಾದೇವ ದೇವಾಲಯವಿರುವ ಇಟಗಿ ಕೊಪ್ಪಳ ಜಿಲ್ಲೆಯದು. ಹಾಗೆಯೇ ಹಿಂದಿನ ರೋಣ ತಾಲ್ಲೂಕಿನ ನರೇಗಲ್ಲ ಮತ್ತು ಹಾವೇರಿ ಜಿಲ್ಲೆ ಹಾನಗಲ್ಲ ತಾಲ್ಲೂಕಿನ ನರೇಗಲ್ಲ ಎರಡರಲ್ಲೂ ಪ್ರಾಚೀನ ದೇವಾಲಯಗಳಿವೆ. ಎರಡೂ ಒಂದು ಕಾಲದಲ್ಲಿ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಳೆಯ ಗ್ರಂಥದಲ್ಲಿ 'ಧಾರವಾಡ ಜಿಲ್ಲೆಯ ನರೇಗಲ್ಲ' ಎಂದಷ್ಟೇ ಇದ್ದರೆ ತಾಲ್ಲೂಕನ್ನು ಖಚಿತಪಡಿಸಿಕೊಳ್ಳದೆ ಮುಂದುವರಿಯುವಂತಿಲ್ಲ.

ಸ್ಥಳನಾಮದ ಧ್ವನಿಸಾಮ್ಯವನ್ನೇ ಆಧಾರವಾಗಿಸುವುದು ಇನ್ನೊಂದು ದೋಷ. ರೋಣ ಎಂಬ ಹೆಸರನ್ನು ಮಹಾಭಾರತದ ದ್ರೋಣಾಚಾರ್ಯರೊಂದಿಗೂ, ಗಜೇಂದ್ರಗಡ ಎಂಬ ಹೆಸರನ್ನು ಅಲ್ಲಿನ ಬೆಟ್ಟದ ಆನೆಯಂಥ ಆಕಾರದೊಂದಿಗೂ ಜನರು ಸಂಬಂಧಿಸುತ್ತಾರೆ. ಇಂಥ ಐತಿಹ್ಯಗಳು ಜನರ ಸ್ಥಳಪ್ರಜ್ಞೆಯನ್ನು ತಿಳಿಸುವ ಮೌಲಿಕ ಸಾಮಗ್ರಿ. ಆದರೆ ಹೆಸರಿನ ನಿಷ್ಪತ್ತಿಗೆ ಶಾಸನಗಳಲ್ಲಿ ದೊರೆಯುವ ಹಳೆಯ ರೂಪಗಳು ಮತ್ತು ಭಾಷೆಯ ಧ್ವನಿನಿಯಮಗಳೇ ಪ್ರಮಾಣ. ಐತಿಹ್ಯವನ್ನು ಐತಿಹ್ಯವೆಂದೇ ದಾಖಲಿಸುವುದು ಸರಿಯಾದ ಕ್ರಮ.

ಏಕಪಕ್ಷೀಯ ಆಕರಗಳು

1785ರಲ್ಲಿ ಮೈಸೂರಿನ ಸೈನ್ಯವು ನರಗುಂದವನ್ನು ಮುತ್ತಿ ವಶಪಡಿಸಿಕೊಂಡಿತು. ಅಲ್ಲಿನ ಅರಸ ವೆಂಕಟರಾವ ಭಾವೆ ಮತ್ತು ಕಾರಭಾರಿ ಕಾಳೋಪಂತ ಪೇಠೆ ಸೆರೆಯಾದರು. ಇದು ಮರಾಠರು ಮತ್ತು ನಿಜಾಮರ ಒಕ್ಕೂಟಕ್ಕೂ ಟಿಪ್ಪುವಿಗೂ ನಡೆದ ಯುದ್ಧಕ್ಕೆ ಎಡೆಮಾಡಿತು. 1787ರ ಗಜೇಂದ್ರಗಡದ ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಈ ಘಟನಾವಳಿಗೆ ಮರಾಠಿಯ ಪೇಶ್ವೆ ದಾಖಲೆಗಳು, ಪಾರಸಿಯಲ್ಲಿ ಕಿರ್ಮಾನಿಯ ಬರಹ, ಇಂಗ್ಲಿಷಿನಲ್ಲಿ ಮಾರ್ಕ್ ವಿಲ್ಕ್ಸ್‌ನ ಇತಿಹಾಸಗ್ರಂಥ (1810–1817) ಮುಂತಾದ ಆಕರಗಳಿವೆ. ಪ್ರತಿಯೊಂದೂ ಒಂದು ಆಸ್ಥಾನದ ಅಥವಾ ಅಧಿಕಾರದ ದೃಷ್ಟಿಯಿಂದ ಬರೆದದ್ದು. ಮರಾಠಿ ಬಲ್ಲವರು ಮರಾಠಿ ಆಕರವನ್ನಷ್ಟೇ, ಇಂಗ್ಲಿಷ್ ಬಲ್ಲವರು ವಿಲ್ಕ್ಸ್‌ನನ್ನಷ್ಟೇ ಅನುಸರಿಸಿದರೆ ಒಂದೇ ಒಪ್ಪಂದವು ಒಬ್ಬರಿಗೆ ಗೆಲುವಾಗಿ, ಮತ್ತೊಬ್ಬರಿಗೆ ರಾಜತಂತ್ರವಾಗಿ ಕಾಣುತ್ತದೆ. ಸಂಶೋಧಕನಿಗೆ ಬರುವ ಭಾಷೆಯು ಆಕರದ ಆಯ್ಕೆಯನ್ನು ನಿರ್ಧರಿಸುವ ಈ ದೋಷವು ಸಾಮಾನ್ಯವಾಗಿ ಗ್ರಂಥಋಣದ ಪಟ್ಟಿಯಲ್ಲೇ ಗೋಚರಿಸುತ್ತದೆ.

1858ರ ನರಗುಂದ ಬಂಡಾಯದ ವಿಷಯದಲ್ಲಿಯೂ ಇದೇ ಸಮಸ್ಯೆಯಿದೆ. ದತ್ತಕಕ್ಕೆ ಅನುಮತಿ ದೊರೆಯದಿದ್ದುದು ಮತ್ತು ನಿಶ್ಶಸ್ತ್ರೀಕರಣದ ಕ್ರಮ ಇವುಗಳಿಂದ ಕೆರಳಿದ ಭಾಸ್ಕರರಾವ ಭಾವೆ, ಅಂದರೆ ಬಾಬಾಸಾಹೇಬ, ಬ್ರಿಟಿಷರ ವಿರುದ್ಧ ದಂಗೆಯೆದ್ದನು. ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಹತನಾದನು. ಜೂನ್ ಆರಂಭದಲ್ಲಿ ನರಗುಂದವು ಬ್ರಿಟಿಷರ ವಶವಾಯಿತು. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ 1858ರ ಜೂನ್ 12ರಂದು ಗಲ್ಲಿಗೇರಿಸಲಾಯಿತು. ಘಟನೆಯ ದಿನಾಂಕಗಳೂ ಸೈನ್ಯದ ಚಲನವಲನಗಳೂ ಹೆಚ್ಚಾಗಿ ಗೆದ್ದವರ ಕಾಗದಪತ್ರಗಳಲ್ಲಿ ಉಳಿದಿವೆ. ಬಾಬಾಸಾಹೇಬನನ್ನು ಕೃತಘ್ನನೆಂದು ಚಿತ್ರಿಸುವ ಪದಗಳೂ ಅದೇ ಕಾಗದಗಳಲ್ಲಿವೆ. ದಿನಾಂಕವನ್ನು ಸ್ವೀಕರಿಸುವಾಗ ವಿಶೇಷಣವೂ ಜೊತೆಗೆ ನುಸುಳುವುದುಂಟು.

ಇದಕ್ಕೆ ಪ್ರತಿಯಾಗಿ ಲಾವಣಿ ಮತ್ತು ಜನಪದ ಹಾಡುಗಳನ್ನು ಬಳಸುವ ಕ್ರಮವಿದೆ. ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರು ಮೊದಲಾದವರನ್ನು ಕುರಿತ ಕನ್ನಡ ಲಾವಣಿಗಳನ್ನು ಫ್ಲೀಟ್ ಅವರೇ 1880ರ ದಶಕದಲ್ಲಿ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಪ್ರಕಟಿಸತೊಡಗಿದ್ದರು. ಲಾವಣಿಯು ಜನರ ಭಾವನೆಗೆ ಪ್ರಬಲ ಸಾಕ್ಷಿ. ಆದರೆ ಹಾಡುಗಾರನಿಂದ ಹಾಡುಗಾರನಿಗೆ ಸಾಗುವಾಗ ಹೆಸರು, ಸಂಖ್ಯೆ, ಘಟನೆಗಳ ಅನುಕ್ರಮ ಬದಲಾಗುತ್ತವೆ. ಯಾರು, ಯಾವಾಗ, ಯಾವ ಊರಿನಲ್ಲಿ ಹಾಡಿದ್ದನ್ನು ದಾಖಲಿಸಲಾಯಿತು ಎಂಬ ವಿವರವಿಲ್ಲದೆ ಪಠ್ಯವನ್ನಷ್ಟೇ ಅಚ್ಚು ಹಾಕಿದರೆ ಮುಂದಿನವರಿಗೆ ಪರಿಶೀಲನೆಯ ದಾರಿ ಮುಚ್ಚುತ್ತದೆ.

ಕಾರಣ ಮತ್ತು ಪರಿಣಾಮದ ಗೊಂದಲ

ಒಂದು ಘಟನೆಯ ಅನಂತರ ಇನ್ನೊಂದು ನಡೆಯಿತೆಂಬುದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ತೀರ್ಮಾನಿಸುವುದು ಎಲ್ಲ ಜ್ಞಾನಶಾಖೆಗಳಲ್ಲೂ ಕಂಡುಬರುವ ದೋಷ. ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ರೈತರು ಅಭಿವೃದ್ಧಿ ಕರ ಹಾಗೂ ನೀರಿನ ಕರದ ವಿರುದ್ಧ ನಡೆಸಿದ ಹೋರಾಟದಲ್ಲಿ, 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಹಿಂಸಾಚಾರ ಮತ್ತು ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1983ರ ಜನವರಿಯ ಚುನಾವಣೆಯಲ್ಲಿ ಆರ್. ಗುಂಡೂರಾವ್ ನೇತೃತ್ವದ ಕಾಂಗ್ರೆಸ್ ಸರ್ಕಾರ ಸೋತು, ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು.

ನರಗುಂದದ ಬಂಡಾಯವೇ ಸರ್ಕಾರವನ್ನು ಉರುಳಿಸಿತು ಎಂಬ ವಾಕ್ಯ ಆಕರ್ಷಕವಾದುದು. ಆದರೆ ಈ ನಡುವೆ 1982ರ ಗೋಕಾಕ್ ಚಳವಳಿ, ಕಾಂಗ್ರೆಸ್ಸಿನಿಂದ ಹೊರಬಂದವರು ಕಟ್ಟಿದ ಕ್ರಾಂತಿರಂಗ ಹಾಗೂ ಜನತಾ ಪಕ್ಷದ ಮೈತ್ರಿ ಮುಂತಾದ ಅನೇಕ ಸಂಗತಿಗಳಿದ್ದವು. ನರಗುಂದದ ಪಾಲನ್ನು ಅಳೆಯಬೇಕಾದರೆ ಅಚ್ಚುಕಟ್ಟು ಪ್ರದೇಶದ ಕ್ಷೇತ್ರಗಳ ಫಲಿತಾಂಶವನ್ನು ಇತರ ಕ್ಷೇತ್ರಗಳ ಫಲಿತಾಂಶದೊಂದಿಗೆ, 1978ರ ಮತಗಳನ್ನು 1983ರ ಮತಗಳೊಂದಿಗೆ ಹೋಲಿಸಬೇಕು. ಹೋಲಿಕೆಯ ಗುಂಪಿಲ್ಲದ ಕಾರಣನಿರ್ಣಯವು ಊಹೆಯಾಗಿಯೇ ಉಳಿಯುತ್ತದೆ. ಬಂಡಾಯದ ಮಹತ್ತ್ವವನ್ನು ಇದು ಕಡಿಮೆ ಮಾಡುವುದಿಲ್ಲ. ಆ ಮಹತ್ತ್ವವನ್ನು ಗಟ್ಟಿ ನೆಲೆಯ ಮೇಲೆ ನಿಲ್ಲಿಸುತ್ತದೆ.

ಮಾದರಿಯ ಆಯ್ಕೆ

ಸಮೀಕ್ಷೆ ಆಧಾರಿತ ಅಧ್ಯಯನಗಳಲ್ಲಿ ಯಾರನ್ನು ಕೇಳಲಾಯಿತು ಎಂಬುದರಷ್ಟೇ ಯಾರನ್ನು ಕೇಳಲಿಲ್ಲ ಎಂಬುದೂ ಮುಖ್ಯ. ಕಾಲುವೆಯ ಮೇಲ್ಭಾಗದ ಹಳ್ಳಿಗಳಲ್ಲಿ ಮಾತ್ರ ವಿಚಾರಿಸಿದರೆ ನೀರಾವರಿ ಯಶಸ್ವಿಯೆಂದೂ, ನೀರು ಸರಿಯಾಗಿ ತಲುಪದ ಕೊನೆಯ ಭಾಗದಲ್ಲಿ ಮಾತ್ರ ವಿಚಾರಿಸಿದರೆ ವಿಫಲವೆಂದೂ ಉತ್ತರ ಬರುವ ಸಂಭವವಿದೆ. ಗಜೇಂದ್ರಗಡದ ನೇಕಾರರನ್ನು ಕುರಿತ ಅಧ್ಯಯನವು ಸಹಕಾರಿ ಸಂಘದ ಸದಸ್ಯರ ಪಟ್ಟಿಯಿಂದಷ್ಟೇ ಹೆಸರುಗಳನ್ನು ಆರಿಸಿಕೊಂಡರೆ, ಮಾಲೀಕರಿಂದ ನೂಲು ಪಡೆದು ಕೂಲಿಗೆ ನೇಯುವವರು ಹೊರಗುಳಿಯುತ್ತಾರೆ. ಇಂದು ಮಗ್ಗದ ಮುಂದೆ ಕುಳಿತಿರುವವರನ್ನಷ್ಟೇ ಕೇಳಿದರೆ, ನಷ್ಟದಿಂದ ಮಗ್ಗ ತೊರೆದು ಗುಳೆ ಹೋದವರ ಅನುಭವ ಲೆಕ್ಕಕ್ಕೇ ಬರುವುದಿಲ್ಲ. ಉಳಿದವರನ್ನು ನೋಡಿ ಎಲ್ಲರ ಸ್ಥಿತಿಯನ್ನು ತೀರ್ಮಾನಿಸುವ ಇದಕ್ಕೆ ಉಳಿಕೆಯ ಪಕ್ಷಪಾತ ಎನ್ನಬಹುದು.

ಪ್ರಕಟಣೆಯ ಹಂತದ ದೋಷಗಳು

ಪ್ರಕಟಣೆಯ ದೋಷಗಳು ಜಾಗತಿಕವಾದುವು. ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುಪ್ರಯೋಗಕ್ಕೆ ಒಳಪಡಿಸಿದ ಸಾಮೂಹಿಕ ಯೋಜನೆಯೊಂದು 2015ರಲ್ಲಿ ವರದಿ ಮಾಡಿದಂತೆ, ಮರುಪ್ರಯೋಗಗಳಲ್ಲಿ ಸುಮಾರು 36%ರಷ್ಟು ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ನೀಡಿದವು. ಅನುಕೂಲ ಫಲಿತಾಂಶ ಬರುವವರೆಗೆ ದತ್ತಾಂಶವನ್ನು ಬಗೆಬಗೆಯಾಗಿ ವಿಂಗಡಿಸುವುದು, ಫಲಿತಾಂಶ ಕಂಡ ಮೇಲೆ ಊಹೆಯನ್ನು ರಚಿಸಿ ಮೊದಲೇ ಇತ್ತೆಂಬಂತೆ ಬರೆಯುವುದು, ನಿರಾಶಾದಾಯಕ ಫಲಿತಾಂಶಗಳನ್ನು ಪ್ರಕಟಿಸದೆ ಇಡುವುದು ಇದಕ್ಕೆ ಕಾರಣಗಳೆಂದು ಗುರುತಿಸಲಾಗಿದೆ.

ಭಾರತದಲ್ಲಿ ಬಡ್ತಿ ಮತ್ತು ಪದವಿಗಳಿಗೆ ಲೇಖನಗಳ ಸಂಖ್ಯೆಯನ್ನು ಅಳತೆಗೋಲಾಗಿಸಿದುದು, ಹಣ ಪಡೆದು ವಿಮರ್ಶೆಯಿಲ್ಲದೆ ಪ್ರಕಟಿಸುವ ನಿಯತಕಾಲಿಕೆಗಳ ಹಾವಳಿಗೆ ಎಡೆಮಾಡಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) 2018ರ ಮೇ ತಿಂಗಳಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಕೈಬಿಟ್ಟಿತು. ಅದೇ ವರ್ಷದ ಕೃತಿಚೌರ್ಯ ತಡೆ ನಿಯಮಗಳು, ಪ್ರಬಂಧದಲ್ಲಿ 10%ವರೆಗಿನ ಹೋಲಿಕೆಗೆ ದಂಡನೆಯಿಲ್ಲವೆಂದೂ, 60%ಕ್ಕಿಂತ ಹೆಚ್ಚಿದ್ದರೆ ನೋಂದಣಿ ರದ್ದಾಗುವುದೆಂದೂ ವಿಧಿಸಿದವು. 2022ರ ಪಿಎಚ್.ಡಿ. ನಿಯಮಗಳಲ್ಲಿ ಪ್ರಬಂಧ ಸಲ್ಲಿಕೆಗೆ ಮೊದಲು ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು ಕೈಬಿಡಲಾಯಿತು.

ಕನ್ನಡದ ಸಂಶೋಧನೆಗೆ ವಿಶಿಷ್ಟವಾದ ತೊಡಕೂ ಇದೆ. ಯೂನಿಕೋಡ್‌ಗೆ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಟೈಪಿಸಿದ ಪ್ರಬಂಧಗಳು ಗಣಕಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅಚ್ಚಿನಲ್ಲಷ್ಟೇ ಇರುವ ಕನ್ನಡ ಗ್ರಂಥಗಳು ಹೋಲಿಕೆಯ ಭಂಡಾರದಲ್ಲಿ ಸೇರಿರುವುದಿಲ್ಲ. ಆದ್ದರಿಂದ ಹೋಲಿಕೆಯ ಪ್ರಮಾಣ ಕಡಿಮೆ ಬಂದ ಮಾತ್ರಕ್ಕೆ ಪ್ರಬಂಧವು ಸ್ವಂತದ್ದೆಂದು ಸಾಬೀತಾಗುವುದಿಲ್ಲ. ಯಂತ್ರದ ಸಂಖ್ಯೆಯು ಮಾರ್ಗದರ್ಶಕರ ಓದಿಗೆ ಬದಲಿಯಲ್ಲ.

ಮೂಲವನ್ನು ನೋಡದೆ ಬೇರೊಬ್ಬರ ಉಲ್ಲೇಖವನ್ನು ಮೂಲವೆಂಬಂತೆ ನಮೂದಿಸುವುದು ವ್ಯಾಪಕವಾದ ಇನ್ನೊಂದು ದೋಷ. ಹೀಗೆ ಮಾಡಿದಾಗ ಮೊದಲ ಲೇಖಕನ ಅಚ್ಚುತಪ್ಪೂ ಪರಂಪರೆಯಾಗುತ್ತದೆ. ಮುಕ್ತ ವಿಶ್ವಕೋಶದಲ್ಲಿ ಆಧಾರವಿಲ್ಲದೆ ಸೇರಿದ ವಾಕ್ಯವನ್ನು ಪುಸ್ತಕವೊಂದು ಎತ್ತಿಕೊಂಡು, ಅನಂತರ ಅದೇ ಪುಸ್ತಕವು ಆ ವಾಕ್ಯಕ್ಕೆ ಆಧಾರವಾಗಿ ನಿಲ್ಲುವ ವೃತ್ತಾಕಾರದ ಉಲ್ಲೇಖವು ಇದರ ಹೊಸ ರೂಪ.

ತಡೆಯುವ ಕ್ರಮಗಳು

ಶಾಸನಾಧ್ಯಯನದಲ್ಲಿ ಶಿಲೆಯನ್ನು ಅಥವಾ ಅದರ ಅಚ್ಚುಪ್ರತಿಯನ್ನು ಸ್ವತಃ ಪರಿಶೀಲಿಸುವುದು, ಅಳಿದ ಅಕ್ಷರಗಳನ್ನು ಕಂಸದಲ್ಲಿ ತೋರಿಸುವುದು, ೞ, ಱಗಳಂಥ ಹಳೆಯ ಅಕ್ಷರಗಳನ್ನು ಆಧುನಿಕ ರೂಪಕ್ಕೆ ತಿದ್ದದೆ ಉಳಿಸುವುದು ಮೂಲನಿಯಮಗಳು. ಇಂಥ ಅಕ್ಷರಗಳ ಬಳಕೆ ಅಥವಾ ತಪ್ಪು ಬಳಕೆಯೇ ಕಾಲನಿರ್ಣಯಕ್ಕೆ ಸುಳಿವಾಗಬಲ್ಲದು. ಊರಿನ ಹೆಸರಿನೊಂದಿಗೆ ಪ್ರಕಟಣೆಯ ಕಾಲದ ಮತ್ತು ಇಂದಿನ ತಾಲ್ಲೂಕು, ಜಿಲ್ಲೆಗಳನ್ನು ನಮೂದಿಸುವುದು, ವಿರುದ್ಧ ಆಧಾರಗಳನ್ನೂ ದಾಖಲಿಸುವುದು, ಸಮೀಕ್ಷೆಯ ಪ್ರಶ್ನಾವಳಿಯನ್ನು ಪ್ರಬಂಧದೊಂದಿಗೆ ಲಗತ್ತಿಸುವುದು ಇತರ ಕ್ರಮಗಳು.

ಈ ಎಚ್ಚರಿಕೆಗಳಿಗೆ ವ್ಯಾವಹಾರಿಕ ಮಹತ್ತ್ವವೂ ಇದೆ. ಬಯಲಿನಲ್ಲಿ ನಿಂತ ಶಾಸನಕಲ್ಲು ಮಳೆಬಿಸಿಲಿಗೆ ಸವೆಯುತ್ತದೆ. ರಸ್ತೆ, ಕಟ್ಟಡಗಳ ಕಾಮಗಾರಿಯಲ್ಲಿ ಕಾಣೆಯಾಗುವುದೂ ಉಂಟು. ಮೂಲವು ನಾಶವಾದ ಮೇಲೆ ಮುದ್ರಿತ ಓದೇ ಏಕೈಕ ಸಾಕ್ಷಿಯಾಗಿ ಉಳಿಯುತ್ತದೆ. ಆ ಓದಿನಲ್ಲಿ ತಪ್ಪಿದ್ದರೆ ಅದನ್ನು ತಿದ್ದುವ ಅವಕಾಶ ಮುಂದಿನ ಯಾವ ಸಂಶೋಧಕನಿಗೂ ದೊರೆಯುವುದಿಲ್ಲ.